ಎಡೆಕೊಟ್ಟ ಊರು

ಕನ್ನಡದಲ್ಲಿ ‘ಎಡೆ’ ಎಂಬ ಪದಕ್ಕೆ ಎರಡು ಅರ್ಥಗಳು ಬಳಕೆಯಲ್ಲಿವೆ. ಎಡೆಯೆಂದರೆ ಸ್ಥಳ; ಎಡೆಯೆಂದರೆ ಎಲೆಯ ಮೇಲೆ ಬಡಿಸಿದ ಊಟ. ಹೊಸ ಊರಿಗೆ ಬಂದಿಳಿದ ಮನುಷ್ಯನಿಗೆ ಮೊದಲು ಬೇಕಾಗುವುದು ಇವೆರಡೇ. ಅವನು ಕಲಾವಿದನಾಗಿದ್ದರೆ ಮೂರನೆಯದೊಂದು ಬೇಕು: ತನ್ನ ಕೆಲಸವನ್ನು ಕಣ್ಣಿಟ್ಟು ನೋಡುವ ಜನ, ಚೆನ್ನಾಗಿದ್ದರೆ ನಾಳೆಯೂ ಬರುವ, ಚೆನ್ನಾಗಿಲ್ಲದಿದ್ದರೆ ನಡುವೆಯೇ ಎದ್ದುಹೋಗುವ ಜನ. ಹಾರ, ಶಾಲು, ಬಿನ್ನವತ್ತಳೆಗಳು ಅನಂತರದ ಮಾತು. ಅವು ಇಲ್ಲದೆಯೂ ಕಲೆ ಬದುಕೀತು. ಮೊದಲಿನ ಮೂರು ಇಲ್ಲದೆ ಬದುಕದು.

ಕಲೆಗೆ ಆಶ್ರಯವಿತ್ತ ಊರುಗಳನ್ನು ಹೆಸರಿಸುವಾಗ ಮೈಸೂರು, ಧಾರವಾಡಗಳು ಬಾಯಿಗೆ ಬರುವಷ್ಟು ಸಲೀಸಾಗಿ ದಾವಣಗೆರೆಯ ಹೆಸರು ಬರುವುದಿಲ್ಲ. ಮೈಸೂರಿಗೆ ಅರಮನೆಯಿತ್ತು. ಧಾರವಾಡಕ್ಕೆ ವಿದ್ಯಾವರ್ಧಕ ಸಂಘವೂ ಸಂಗೀತಗಾರರ ಮನೆತನಗಳೂ ಇದ್ದವು. ದಾವಣಗೆರೆಗೆ ಇದ್ದುದು ಸಂತೆ, ಹತ್ತಿಯ ಅಂಡಿಗೆ, ದಲಾಲರ ಅಂಗಡಿ, ಗಿರಣಿಯ ಕೂಗು. ಇಂಥ ವ್ಯಾಪಾರದ ಊರಿನಲ್ಲಿ ಕಲೆಗೇನು ಕೆಲಸವೆಂದು ತಿಳಿದವರು ಮೂಗು ಮುರಿದದ್ದುಂಟು. ಆದರೆ ಕನ್ನಡದ ವೃತ್ತಿರಂಗಭೂಮಿಯ ಕಥೆಯನ್ನು ಬಲ್ಲವರು ಈ ಊರನ್ನು ಬಿಟ್ಟು ಆ ಕಥೆಯನ್ನು ಹೇಳಲಾರರು.

ದಾವಣಗೆರೆಯು ಹುಟ್ಟಿನಿಂದಲೇ ಬಂದವರ ಊರು. ಹದಿನೆಂಟನೆಯ ಶತಮಾನದಲ್ಲಿ ಇದೊಂದು ಸಾಮಾನ್ಯ ಹಳ್ಳಿಯಾಗಿತ್ತು. ಹೈದರಾಲಿಯು ಇದನ್ನು ಅಪೋಜಿರಾಮನೆಂಬ ಮರಾಠ ಸರದಾರನಿಗೆ ಜಹಗೀರಾಗಿ ಕೊಟ್ಟನು. ಆತನು ಇಲ್ಲಿ ಕೋಟೆ ಕಟ್ಟಿ ಕೀರ್ತಿ ಪಡೆಯಲು ಹೋಗಲಿಲ್ಲ. ಹೊರಗಿನ ವರ್ತಕರನ್ನು ಕರೆದು, ಇಲ್ಲಿ ನೆಲೆಸುವಂತೆ ಪ್ರೋತ್ಸಾಹ ಕೊಟ್ಟನು. ಪರಸ್ಥಳದವರನ್ನು ಕರೆದು ಕೂಡಿಸಿದ್ದರಿಂದಲೇ ಹಳ್ಳಿಯು ಪೇಟೆಯಾಯಿತು. ಹೀಗಾಗಿ ಈ ಊರಿನಲ್ಲಿ ‘ನೀನು ಯಾವ ಊರಿನವನು?’ ಎಂಬ ಪ್ರಶ್ನೆಗೆ ಹೆಚ್ಚು ಬೆಲೆಯಿರಲಿಲ್ಲ. ಕೇಳುವವನ ಅಜ್ಜನೂ ಎಲ್ಲಿಂದಲೋ ಬಂದವನೇ.

ಇದಕ್ಕೆ ಹರಿಹರದ ನೆರೆಯೂ ಒದಗಿ ಬಂದಿತು. ಹರಿಹರವು ದಾವಣಗೆರೆಗಿಂತ ಎಷ್ಟೋ ಹಳೆಯ ಊರು. ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕ ಪೋಲಾಳ್ವನು ಅಲ್ಲಿಯ ಹರಿಹರೇಶ್ವರ ದೇವಾಲಯವನ್ನು ಕಟ್ಟಿಸಿದ್ದು 1224ರ ಸುಮಾರಿನಲ್ಲಿ. ಒಂದೇ ವಿಗ್ರಹದಲ್ಲಿ ಅರ್ಧ ಹರಿ, ಅರ್ಧ ಹರ. ಇದು ಎಲ್ಲರೂ ಬಲ್ಲ ಸಂಗತಿ. ಕಡಿಮೆ ಜನ ನೆನೆಯುವ ಸಂಗತಿಯೊಂದಿದೆ: 1956ರಲ್ಲಿ ಕನ್ನಡನಾಡು ಒಂದಾಗುವವರೆಗೆ ಹರಿಹರವು ಮೈಸೂರು ಸಂಸ್ಥಾನದ ಗಡಿಯ ಊರಾಗಿತ್ತು. ತುಂಗಭದ್ರೆಯನ್ನು ದಾಟಿದರೆ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆ. ಆಳುವವರು ಬೇರೆ, ಕಾಯಿದೆ ಬೇರೆ, ಮಾತಿನ ಧಾಟಿಯೂ ಬೇರೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಹೊಳೆಯ ಮೇಲೆ ರೈಲು ಓಡತೊಡಗಿದ ಮೇಲೆ ಹುಬ್ಬಳ್ಳಿಯಿಂದ ಬೆಂಗಳೂರಿನ ದಾರಿ ಹರಿಹರ, ದಾವಣಗೆರೆಗಳ ಮೂಲಕವೇ ಹಾಯಿತು. ಅತ್ತಲಿಂದ ಇತ್ತ ಬರುವವರೂ ಇತ್ತಲಿಂದ ಅತ್ತ ಹೋಗುವವರೂ ಇಲ್ಲಿ ಇಳಿಯಲೇಬೇಕು. ಹೀಗೆ ಇಳಿದವರಲ್ಲಿ ಹತ್ತಿಯ ವ್ಯಾಪಾರಿಗಳಿದ್ದಂತೆ ನಾಟಕದವರೂ ಇದ್ದರು.

ಕಂಪನಿ ನಾಟಕವೆಂದರೆ ಇಂದಿನ ವಿದ್ಯಾರ್ಥಿಗಳಿಗೆ ಬಿಡಿಸಿ ಹೇಳಬೇಕಾದೀತು. ಅದು ಸಂಜೆಯ ವಿನೋದಕ್ಕೆ ಕೂಡಿದ ಗೆಳೆಯರ ಗುಂಪಲ್ಲ; ಹೊಟ್ಟೆಪಾಡಿಗೆ ಅದನ್ನೇ ನಂಬಿದ ಒಂದು ಸಂಚಾರಿ ಸಂಸಾರ. ನಟರು, ನಟಿಯರು, ಹಾರ್ಮೋನಿಯಂ ನುಡಿಸುವವರು, ತಬಲದವರು, ಪರದೆ ಬರೆಯುವವರು, ಅಡಿಗೆಯವರು, ಗೇಟು ಕಾಯುವವರು, ಇವರೆಲ್ಲರ ಹೆಂಡಿರು ಮಕ್ಕಳು, ಒಟ್ಟು ನಲವತ್ತು ಐವತ್ತು ಜನ. ಅರಮನೆಯ ಪರದೆ, ಕಾಡಿನ ಪರದೆ, ಬೀದಿಯ ಪರದೆಗಳನ್ನು ಸುರುಳಿ ಸುತ್ತಿಕೊಂಡು, ಪೆಟ್ಟಿಗೆಗಳನ್ನು ಹೇರಿಕೊಂಡು ಅವರು ಒಂದು ಊರಿಗೆ ಬರುವರು. ಪುರಸಭೆಯಿಂದ ಅಪ್ಪಣೆ ಪಡೆದು ಬಯಲಿನಲ್ಲಿ ತಗಡಿನ ಥಿಯೇಟರನ್ನು ಎಬ್ಬಿಸುವರು. ಜನ ಬಂದರೆ ಮೂರು ತಿಂಗಳು, ಆರು ತಿಂಗಳು ಕ್ಯಾಂಪು, ಬಾರದಿದ್ದರೆ ಸಾಲ. ಸಾಲ ಮೀರಿದರೆ ಪರದೆಗಳನ್ನು ಒತ್ತೆಯಿಟ್ಟು ಹೋಗಬೇಕಾಗುತ್ತಿತ್ತು. ಆದುದರಿಂದ ಮಾಲೀಕನಿಗೆ ಊರನ್ನು ಆರಿಸುವುದು ನಾಟಕವನ್ನು ಆರಿಸುವುದಕ್ಕಿಂತ ಕಷ್ಟದ ಕೆಲಸ.

ದಾವಣಗೆರೆಯನ್ನು ಅವರು ಏಕೆ ಆರಿಸಿದರು? ಮುಖ್ಯ ಕಾರಣ ಹಣ ಎಂದು ಸಂಕೋಚವಿಲ್ಲದೆ ಹೇಳಬೇಕು. ಸುತ್ತಣ ಹಳ್ಳಿಗಳ ರೈತರು ಫಸಲು ಮಾರಿ ಕೈಯಲ್ಲಿ ನಾಲ್ಕು ಕಾಸು ಹಿಡಿದು ನಿಲ್ಲುತ್ತಿದ್ದುದು ಈ ಪೇಟೆಯಲ್ಲಿ. ದಾವಣಗೆರೆ ಕಾಟನ್ ಮಿಲ್ಲು ಮೊದಲಾದ ಗಿರಣಿಗಳು ಬಂದ ಮೇಲೆ ತಿಂಗಳ ಸಂಬಳ ಎಣಿಸುವ ಸಾವಿರಾರು ಕಾರ್ಮಿಕರೂ ಸೇರಿದರು. ಪಾಳಿ ಮುಗಿಸಿ ಬಂದ ಮನುಷ್ಯನಿಗೆ ರಾತ್ರಿಯ ನಾಟಕ ದೊಡ್ಡ ಸುಖ. ಎರಡು ವರ್ಷಕ್ಕೊಮ್ಮೆ ನಡೆಯುವ ದುಗ್ಗಮ್ಮನ ಜಾತ್ರೆಯಂತೂ ಸುಗ್ಗಿಯೇ ಸರಿ. ಹಣವಿದ್ದ ಮಾತ್ರಕ್ಕೆ ಕಲೆ ಬೆಳೆಯದೆಂಬ ಮಾತು ನಿಜ. ಆದರೆ ಟಿಕೆಟ್ಟಿಗೆ ಕೊಟ್ಟ ಹಣವು ದಾನವಾಗಿ ಕೊಟ್ಟ ಹಣಕ್ಕಿಂತ ಕಲಾವಿದನಿಗೆ ಹೆಚ್ಚು ಗೌರವ ತರುತ್ತದೆ. ದಾನಿಯ ಮುಂದೆ ನಟನು ಕೈಮುಗಿದು ನಿಲ್ಲಬೇಕು. ಟಿಕೆಟ್ಟು ಕೊಂಡವನ ಮುಂದೆ ಚೆನ್ನಾಗಿ ನಟಿಸಿದರೆ ಸಾಕು.

ಇನ್ನೊಂದು ಕಾರಣವೂ ಉಂಟು. ಗಡಿಯ ಸಮೀಪದ ಈ ಊರಿನ ಕಿವಿಗೆ ಎರಡೂ ಕಡೆಯ ಕನ್ನಡ ಪರಿಚಿತವಾಗಿತ್ತು. ಗದಗಿನ ನಟನ ‘ಹೌದಲ್ಲೋ’ ಇಲ್ಲಿ ನಗೆಗೀಡಾಗಲಿಲ್ಲ. ಮೈಸೂರಿನ ನಟನ ನಯವಾದ ಮಾತೂ ಪರಕೀಯವೆನಿಸಲಿಲ್ಲ. ಎರಡು ಸೀಮೆಗಳ ಕಲಾವಿದರಿಗೂ ಇದು ಅರ್ಧ ತವರು. ಹೊಸಬನ ಮಾತನ್ನು ಅಣಕಿಸದೆ ಕೇಳುವುದು ಸಣ್ಣ ಸಂಗತಿಯಂತೆ ತೋರಬಹುದು. ಊರು ಬಿಟ್ಟು ಊರಿಗೆ ಶಾಲೆ ಬದಲಾಯಿಸಿದ ಯಾವ ಹುಡುಗನನ್ನಾದರೂ ಕೇಳಿ ನೋಡಬೇಕು.

ಈ ನೆಲದಲ್ಲಿಯೇ ಚಿಂದೋಡಿ ವೀರಪ್ಪನವರ ಕೆ.ಬಿ.ಆರ್. ಡ್ರಾಮಾ ಕಂಪನಿ ಬೇರುಬಿಟ್ಟಿತು. ವೀರಪ್ಪನವರು ಗಾಯಕರು, ನಟರು. ಅವರ ಮಕ್ಕಳು ರಂಗದ ಮೇಲೆಯೇ ಬೆಳೆದರು. ಅವರ ಮಗಳು ಚಿಂದೋಡಿ ಲೀಲಾ ನಟಿಯಾಗಿ, ಮುಂದೆ ಕಂಪನಿಯನ್ನು ನಡೆಸುವವರಾಗಿ ನಾಡೆಲ್ಲ ಹೆಸರಾದರು, ಕರ್ನಾಟಕ ನಾಟಕ ಅಕಾಡೆಮಿಯ ಅಧ್ಯಕ್ಷೆಯಾದರು, 1988ರಲ್ಲಿ ಪದ್ಮಶ್ರೀ ಪ್ರಶಸ್ತಿ ಪಡೆದರು, 2010ರಲ್ಲಿ ತೀರಿಕೊಂಡರು. ದಾವಣಗೆರೆಯ ಈ ಮಗಳಿಗೆ ಬಹುಕಾಲ ತುಂಬಿದ ಸಭೆಯನ್ನು ಕೊಟ್ಟದ್ದು ದೂರದ ಬೆಳಗಾವಿ. ‘ಪೊಲೀಸನ ಮಗಳು’ ನಾಟಕವನ್ನು ಅಲ್ಲಿಯ ಜನ ಮತ್ತೆ ಮತ್ತೆ ನೋಡಿದರು. ಅಲ್ಲಿಯೇ ಅವರು ಒಂದು ರಂಗಮಂದಿರವನ್ನೂ ಕಟ್ಟಿಸಿದರು.

ಇದಕ್ಕೆ ಎದುರಾಗಿ, ಬೆಳಗಾವಿ ಸೀಮೆಯಿಂದ ದಾವಣಗೆರೆಗೆ ಬಂದ ಒಬ್ಬ ತಾಯಿಯ ಕಥೆಯನ್ನು ಈ ಊರಿನವರು ಹೇಳುತ್ತಾರೆ. ಆಕೆಯ ಹೆಸರು ಚೆನ್ನಮ್ಮ. 1928ರಲ್ಲಿ ಮಕ್ಕಳನ್ನು ಕಟ್ಟಿಕೊಂಡು ಗೊತ್ತಿಲ್ಲದ ಊರಿಗೆ ಬಂದ ಆಕೆ ಬದುಕಿಗಾಗಿ ಒಲೆ ಹೂಡಿದ್ದು ಸಾವಳಗಿ ನಾಟಕ ಥಿಯೇಟರಿನ ಬಳಿ. ಮೊದಲು ಹಾಕುತ್ತಿದ್ದುದು ರಾಗಿಯ ದೋಸೆ. ಮುಂದೆ ಮಕ್ಕಳ ಕಾಲದಲ್ಲಿ ರಾಗಿಯ ಎಡೆಗೆ ಅಕ್ಕಿಯ ಹಿಟ್ಟು ಬಂದಿತು, ಮೇಲೆ ಬೆಣ್ಣೆ ಬಿದ್ದಿತು. ಇಂದು ಬೆಂಗಳೂರಿನ ಬೀದಿಬೀದಿಗಳಲ್ಲಿ ಹಲಗೆ ತೂಗುವ ‘ದಾವಣಗೆರೆ ಬೆಣ್ಣೆ ದೋಸೆ’ಯ ಮೂಲ ಇದೇ ಎಂಬುದು ಊರಿನ ನಂಬಿಕೆ. ನಾಟಕದ ಬಾಗಿಲಲ್ಲಿ ಒಲೆ ಹೂಡಿದ ಆಕೆಯ ಲೆಕ್ಕಾಚಾರ ಜಾಣತನದ್ದು. ಇರುಳೆಲ್ಲ ಕುಳಿತು ನೋಡುವವರಿಗೆ ಹಸಿವಾಗುತ್ತದೆ. ಬಣ್ಣ ತೊಳೆದುಕೊಂಡು ಹೊರಬಂದ ನಟನಿಗೂ ಹಸಿವಾಗುತ್ತದೆ. ಕಂಪನಿಯಿಂದ ದೋಸೆಯವಳಿಗೆ ಗಿರಾಕಿ, ದೋಸೆಯಿಂದ ಪ್ರೇಕ್ಷಕನಿಗೆ ತ್ರಾಣ. ಯಾರೂ ಯಾರಿಗೂ ಉಪಕಾರ ಮಾಡುತ್ತಿದ್ದೇನೆಂದು ಎಣಿಸಲಿಲ್ಲ. ಕಲೆಯ ಸಮುದಾಯವೆಂದರೆ ಕವಿಗಳೂ ವಿಮರ್ಶಕರೂ ಮಾತ್ರ ಕೂಡಿದ ಸಭೆಯೆಂದು ಭಾವಿಸುವವರು ಈ ಒಲೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಮಂಡಕ್ಕಿ ಭಟ್ಟಿಗಳನ್ನೂ ಹಿಡಿಯಬಹುದು; ಮಂಡಕ್ಕಿ, ಮೆಣಸಿನಕಾಯಿಗಳ ಮುಂದೆ ಕುಳಿತು ಹಿಂದಿನ ರಾತ್ರಿಯ ನಾಟಕವನ್ನು ಬಿಡಿಬಿಡಿಯಾಗಿ ವಿಮರ್ಶಿಸಿದವರ ಹೆಸರುಗಳು ಯಾವ ಪುಸ್ತಕದಲ್ಲಿಯೂ ಇಲ್ಲ.

ಊರನ್ನು ಹೊಗಳುವ ಭರದಲ್ಲಿ ಸತ್ಯವನ್ನು ಮುಚ್ಚಬಾರದು. ರಾತ್ರಿ ‘ಒನ್ಸ್ ಮೋರ್’ ಎಂದು ಕೂಗಿದ ಗೃಹಸ್ಥನೇ ಹಗಲು ನಟಿಯೊಬ್ಬಳು ಬಾಡಿಗೆಗೆ ಮನೆ ಕೇಳಿ ಬಂದರೆ ಬಾಗಿಲಿಕ್ಕುತ್ತಿದ್ದ ಕಾಲ ಅದು. ಕನ್ನಡನಾಡಿನ ಊರೂರುಗಳಲ್ಲಿ ನಾಟಕದವರು ಈ ಅವಮಾನವನ್ನು ನುಂಗಿದ್ದಾರೆ. ದಾವಣಗೆರೆಯು ಇದಕ್ಕೆ ಪೂರ್ತಿ ಹೊರತಾಗಿತ್ತೆಂದು ಹೇಳುವ ಧೈರ್ಯ ಯಾರಿಗೂ ಬಾರದು. ಇದು ನಮ್ಮ ನಾಡಿಗಷ್ಟೇ ಅಂಟಿದ ದೋಷವೂ ಅಲ್ಲ. ಸ್ಟ್ರಾಟ್‌ಫರ್ಡ್ ಎಂಬ ಸಣ್ಣ ಊರಿನಿಂದ ಲಂಡನ್ನಿಗೆ ಬಂದ ಶೇಕ್ಸ್‌ಪಿಯರನ ಕಾಲದಲ್ಲಿ ಆ ನಗರದ ಹಿರಿಯರು ನಾಟಕಶಾಲೆಗಳನ್ನು ತಮ್ಮ ಎಲ್ಲೆಯೊಳಗೆ ಸಹಿಸುತ್ತಿರಲಿಲ್ಲ. 1599ರಲ್ಲಿ ಅವನ ಕಂಪನಿಯವರು ಕಟ್ಟಿದ ಗ್ಲೋಬ್ ರಂಗಶಾಲೆ ಥೇಮ್ಸ್ ನದಿಯ ಆಚೆ ದಡದಲ್ಲಿತ್ತು. ನಗರದ ಜನ ದೋಣಿಯಲ್ಲಿ ಹೊಳೆ ದಾಟಿ ಹೋಗಿ ನೋಡುತ್ತಿದ್ದರು. ಊರೊಳಗೆ ಎಡೆಯಿಲ್ಲ, ನೋಡದೆ ಇರಲೂ ಆಗದು! ಅದಕ್ಕೆ ಹೋಲಿಸಿದರೆ ಪೇಟೆಯ ನಡುವಿನ ಬಯಲನ್ನೇ ಬಿಟ್ಟುಕೊಟ್ಟ ದಾವಣಗೆರೆಯ ಔದಾರ್ಯ ಕಡಿಮೆಯದೇನಲ್ಲ.

ವ್ಯಾಪಾರಿಗಳ ಊರು ವಿದ್ಯೆಗೂ ಎಡೆಮಾಡಿತು. ರಾಜನಹಳ್ಳಿ ಮನೆತನದವರ ಹೆಸರಿನ ಡಿ.ಆರ್.ಎಂ. ಕಾಲೇಜು, 1951ರಲ್ಲಿ ಆರಂಭವಾದ ಬಿ.ಡಿ.ಟಿ. ಇಂಜಿನಿಯರಿಂಗ್ ಕಾಲೇಜು, ಚಿತ್ರದುರ್ಗದ ಜಯದೇವ ಸ್ವಾಮಿಗಳ ಪ್ರೇರಣೆಯಿಂದ ನಡೆದ ಉಚಿತ ಪ್ರಸಾದ ನಿಲಯ ಇವೆಲ್ಲ ಹಳ್ಳಿಯ ಹುಡುಗರನ್ನು ಊರೊಳಕ್ಕೆ ಕರೆತಂದವು. 1964ರಲ್ಲಿ ಇಲ್ಲಿ ಚಿತ್ರಕಲೆಯ ಶಾಲೆ ತೆರೆಯಿತು. ಈಗ ಅದು ದಾವಣಗೆರೆ ವಿಶ್ವವಿದ್ಯಾನಿಲಯದ ದೃಶ್ಯಕಲಾ ಮಹಾವಿದ್ಯಾಲಯ. ಮನೆಯ ಗೋಡೆಯ ಮೇಲೆ ಇದ್ದಿಲಿನಿಂದ ಗೀಚಿ ಬೈಸಿಕೊಂಡ ಮಗು, ಅದೇ ಗೀಚುವಿಕೆಯನ್ನು ಕಲಿಸುವ ಗುರುಗಳೂ ತನ್ನಂತೆಯೇ ಗೀಚುವ ಜೊತೆಗಾರರೂ ಒಂದೇ ಕೋಣೆಯಲ್ಲಿ ಸಿಕ್ಕಾಗ ಪಡುವ ಆಶ್ಚರ್ಯವನ್ನು ಊಹಿಸಿಕೊಳ್ಳಬಹುದು. 1992ರಲ್ಲಿ ಜಿ.ಎಸ್. ಶಿವರುದ್ರಪ್ಪನವರ ಅಧ್ಯಕ್ಷತೆಯಲ್ಲಿ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನವೂ ಇಲ್ಲಿ ನಡೆಯಿತು. ಸಮ್ಮೇಳನಗಳು ಕೆಲವು ದಿನಗಳ ಸಂಭ್ರಮ. ಚಿತ್ರಶಾಲೆಯು ಪ್ರತಿದಿನದ ಕೆಲಸ. ಎರಡರಲ್ಲಿ ಊರಿಗೆ ಹೆಚ್ಚು ಹೆಮ್ಮೆ ತರಬೇಕಾದುದು ಎರಡನೆಯದು.

ಹರಿಹರದ ಮಾತನ್ನು ಪೂರ್ಣಗೊಳಿಸದೆ ಬಿಡುವಂತಿಲ್ಲ. ಅಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಆರಂಭವಾಯಿತು. ಅದು ತಯಾರಿಸಿದ ಲೇತ್ ಯಂತ್ರಗಳು ದೇಶದ ನಾನಾ ಕಡೆಯ ಕಾರ್ಖಾನೆಗಳಿಗೆ ಹೋದವು. ನೇಗಿಲು ಹಿಡಿದ ಮನೆಗಳ ಮಕ್ಕಳು ಅಲ್ಲಿ ಕೂದಲೆಳೆಯಷ್ಟು ನಿಖರವಾಗಿ ಕಬ್ಬಿಣವನ್ನು ಕೊರೆಯಲು ಕಲಿತರು. ಇದನ್ನೂ ಸೃಷ್ಟಿಕಾರ್ಯವೆನ್ನದೆ ಬೇರೇನೆನ್ನಬೇಕು? ನುರಿತ ಕೆಲಸಗಾರನ ಪಕ್ಕದಲ್ಲಿ ನಿಂತು ಅವನ ಕೈಯನ್ನೇ ನೋಡುತ್ತ ಕಲಿಯುವ ರೀತಿ ನಾಟಕದ ಕಂಪನಿಯಲ್ಲಿಯೂ ಅದೇ, ಯಂತ್ರದ ಕಂಪನಿಯಲ್ಲಿಯೂ ಅದೇ. ಆ ಕಾರ್ಖಾನೆ ಈ ಶತಮಾನದ ಆರಂಭದಲ್ಲಿ ಮುಚ್ಚಿತು. ದಾವಣಗೆರೆಯ ಗಿರಣಿಗಳೂ ಒಂದೊಂದಾಗಿ ನಿಂತವು. ಗಿರಣಿಯ ಕೂಗು ನಿಂತಾಗ ಸಂಬಳ ನಿಂತಿತು. ರಾತ್ರಿಯ ಸಭೆ ತೆಳುವಾಯಿತು. ಸಿನಿಮಾ, ಟೆಲಿವಿಷನ್ನುಗಳು ಕಂಪನಿ ನಾಟಕವನ್ನು ಕೊಂದವೆಂದು ಸುಲಭವಾಗಿ ಹೇಳಿಬಿಡುವವರು ಈ ಸಂಬಳದ ಮಾತನ್ನು ಮರೆಯುತ್ತಾರೆ.

ಮೈಸೂರಿನಲ್ಲಿ 1989ರಲ್ಲಿ ಹುಟ್ಟಿದ ರಂಗಾಯಣದ ಮಾದರಿಯಲ್ಲಿ, ವೃತ್ತಿರಂಗಭೂಮಿಗೆಂದೇ ಮೀಸಲಾದ ರಂಗಾಯಣವನ್ನು ಸರ್ಕಾರವು ದಾವಣಗೆರೆಗೆ ಕೊಟ್ಟಿದೆ. ಇದು ಯೋಗ್ಯವಾದ ಕೆಲಸ. ಹಳೆಯ ನಾಟಕಗಳ ಹಾಡು, ಮಾತಿನ ವರಸೆ, ಪರದೆ ಕಟ್ಟುವ ಕ್ರಮಗಳನ್ನು ಬಲ್ಲವರು ಕಡಿಮೆಯಾಗುತ್ತಿರುವಾಗ ಅವರಿಂದ ಕಲಿಯಲು ಒಂದು ನೆಲೆ ಬೇಕೇ ಬೇಕು. ಆದರೆ ಸರ್ಕಾರದ ಸಂಸ್ಥೆಯೊಂದು ಬಂದಿತೆಂದು ಊರು ತನ್ನ ಕೆಲಸ ಮುಗಿಯಿತೆಂದು ತಿಳಿಯುವುದಾದರೆ ಅದು ತಪ್ಪು. ಅಪೋಜಿರಾಮನು ವರ್ತಕರಿಗೆ ಮಾಡಿದ್ದು, ಪುರಸಭೆಯ ಹಿಂದಿನವರು ಕಂಪನಿಗಳಿಗೆ ಮಾಡಿದ್ದು ಬಹಳ ಸರಳ: ಬಂದವರಿಗೆ ನೆಲವನ್ನು ತೋರಿಸಿದರು. ಇಂದು ಅಂಥ ಬಯಲುಗಳ ಮೇಲೆ ಮಳಿಗೆಗಳ ಸಾಲುಗಳು ಏಳುತ್ತಿವೆ. ಮಳಿಗೆಯ ಬಾಡಿಗೆಯ ಮುಂದೆ ತಗಡಿನ ಥಿಯೇಟರಿನ ಬಾಡಿಗೆ ಕಣ್ಣಿಗೆ ಕಾಣದಷ್ಟು ಚಿಕ್ಕದು. ನಗರದ ನಡುವೆ, ಬಸ್ಸು ಇಳಿದ ಹಳ್ಳಿಗನು ಕಾಲ್ನಡಿಗೆಯಲ್ಲಿ ತಲಪಬಹುದಾದ ಕಡೆ, ಒಂದು ಬಯಲನ್ನಾದರೂ ಮಾರದೆ, ಕಟ್ಟದೆ, ಕಡಿಮೆ ಬಾಡಿಗೆಗೆ ನಾಟಕದವರಿಗೂ ಚಿತ್ರ ಬರೆಯುವ ಹುಡುಗರಿಗೂ ಉಳಿಸಿಕೊಡಬೇಕು. ಅದರ ಅಂಚಿನಲ್ಲಿ ದೋಸೆಯ ಒಲೆಗೂ ಜಾಗವಿರಲಿ.