ಮಳೆಗೆ ಮುಂಚೆ ಹಿತ್ತಿಲಿನ ವೈರಿಂಗ್

ಬೆಂಗಳೂರಿನ ನೆಂಟರಿಗೆ ಮಳೆಗಾಲವೆಂದರೆ ಜೂನ್. ನುಂಗಂಬಾಕ್ಕಂನ ನಮಗೆ ಅಕ್ಟೋಬರಿನಿಂದ ಡಿಸೆಂಬರ್. ಅಷ್ಟರೊಳಗೆ ಹಿತ್ತಿಲಿನ ಶೆಡ್ಡಿಗೂ ಕಲ್ಲುಹಾಸಿನ ಅಂಗಳಕ್ಕೂ ಲೈಟು, ಪ್ಲಗ್ಗು ಆಗಬೇಕಿತ್ತು.

ಅಡುಗೆಮನೆಯ ಪ್ಲಗ್ಗಿನಿಂದಲೇ ವೈರ್ ಎಳೆಯೋಣ, ಎಂಸಿಬಿ ಇದೆಯಲ್ಲ ಎಂದರು ಎಲೆಕ್ಟ್ರಿಷಿಯನ್. ನಾನು ಒಪ್ಪಲಿಲ್ಲ. ಬೆಳಗಾದರೆ ಅಮ್ಮ ದಾಸವಾಳ ಕೀಳಲು ಬರಿಗಾಲಲ್ಲಿ ಓಡಾಡುವ ಜಾಗ ಅದು. 16 ಆಂಪಿಯರಿನ ಎಂಸಿಬಿ ಕಾಯುವುದು ವೈರನ್ನು. ಮನುಷ್ಯನ ಜೀವ ಹೋಗಲು ಅದರ ನೂರರಲ್ಲೊಂದು ಪಾಲು ಕರೆಂಟು ಸಾಕು. 30 ಮಿಲಿಆಂಪಿಯರ್ ಸೋರಿದರೂ ಕ್ಷಣದಲ್ಲಿ ಕಡಿಯುವುದು ಆರ್‌ಸಿಸಿಬಿ.

ಕೊನೆಗೆ ನಿಂತ ಲೆಕ್ಕ ಇಷ್ಟು: ಮೇನ್ ಬೋರ್ಡಿನಿಂದ ಹಿತ್ತಿಲಿಗೆಂದೇ ಬೇರೆ ಸರ್ಕ್ಯೂಟ್, ಅದಕ್ಕೊಂದು ಆರ್‌ಸಿಸಿಬಿ, ಸರಿಯಾದ ಅರ್ಥಿಂಗ್, ನೆಲದಡಿ ಆರ್ಮರ್ಡ್ ಕೇಬಲ್. 2016ರ ವರ್ದಾ ಚಂಡಮಾರುತದಲ್ಲಿ ಉರುಳಿದ ಮರಗಳನ್ನು ಕಂಡವರು ಮರಕ್ಕೆ ವೈರ್ ಕಟ್ಟುವುದಿಲ್ಲ. 2015ರ ನೆರೆ ಕಂಡವರು ಪ್ಲಗ್ಗನ್ನು ಎದೆಮಟ್ಟಕ್ಕಿಂತ ಕೆಳಗಿಡುವುದಿಲ್ಲ. ಮಳೆನೀರು ತಡೆಯುವ ಮುಚ್ಚಳವನ್ನೂ ಮರೆಯುವುದಿಲ್ಲ. ನೀರು ಏರಿದರೆ ಆರಿಸುವ ಸ್ವಿಚ್ಚು ಮನೆಯೊಳಗೇ ಇರಲಿ.

ನಿಮ್ಮ ಮನೆಯಲ್ಲಿ ಆರ್‌ಸಿಸಿಬಿ ಇದೆಯೇ? ಇದ್ದರೆ ತಿಂಗಳಿಗೊಮ್ಮೆ ಅದರ ಟೆಸ್ಟ್ ಗುಂಡಿ ಒತ್ತಿ. ಟಪ್ಪೆಂದು ಬೀಳದಿದ್ದರೆ, ಮಳೆಗೆ ಕಾಯದೆ ಬದಲಿಸಿ.