ತಾಯತದೊಳಗಿನ ಚೀಟಿ

ಆಫೀಸಿನಲ್ಲಿ ಒಮ್ಮೆ ಸುತ್ತ ನೋಡಿ. ಯಾರದ್ದಾದ್ರೂ ಕೈಯಲ್ಲಿ ನೀಲಿ ಕಣ್ಣಿನ ಬ್ರೇಸ್‌ಲೆಟ್ ಇದ್ದೇ ಇರುತ್ತೆ. ಟರ್ಕಿಯ ನಜರ್ ಮಣಿ ಅದು. ಈಗ ಫ್ಯಾಷನ್. ಅದೇ ಬಳಗದ ಒಡವೆಯೊಂದು ನಮ್ಮ ಕಡೆ ತಲೆಮಾರುಗಳಿಂದ ಇದೆ: ತಾಯತ.

ನನ್ನ ತವರು ಸೊರಬ, ಗಂಡನ ಮನೆ ಶಿಕಾರಿಪುರ. ಎರಡೂ ಕಡೆ ನೋಡಿದ್ದು ಒಂದೇ ಥರದ್ದು. ಕಿರುಬೆರಳಿನ ಅರ್ಧದಷ್ಟು ಬೆಳ್ಳಿ ಕೊಳವೆ, ದಾರ ಪೋಣಿಸೋಕೆ ಕೊಂಡಿ, ಒಳಗೆ ಸುರುಳಿ ಸುತ್ತಿದ ಚೀಟಿ, ನೀರು ಹೋಗದಂತೆ ಮೇಣ. ಚೀಟಿ ಬರೆಯೋರು ಹಜ್ರತ್, ಕೊಳವೆ ಮಾಡೋರು ಪೇಟೆಯ ಅಕ್ಕಸಾಲಿಗರು. ಕಟ್ಟಿಸಿಕೊಳ್ಳೋಕೆ ಎಲ್ಲರೂ ಬರ್ತಾರೆ. ತೀರ್ಥಹಳ್ಳಿ ತಾಲ್ಲೂಕಿನ ಹಣಗೆರೆಕಟ್ಟೆಯಲ್ಲಿ ದರ್ಗಾ ಮತ್ತು ಭೂತರಾಯ ಚೌಡೇಶ್ವರಿ ಒಂದೇ ಸೂರಿನಡಿ ಇರೋ ಜಿಲ್ಲೆ ನಮ್ಮದು, ಆಶ್ಚರ್ಯ ಏನಿಲ್ಲ.

ಮನೇಲಿ ನಾವು ತಾವೀಜ್ ಅಂತೀವಿ. ಮೂಲ ಅರಬ್ಬಿ ಪದದ ಅರ್ಥ ‘ಆಶ್ರಯ ಬೇಡುವುದು’. ಕುರಾನಿನ ಕೊನೆಯ ಎರಡು ಅಧ್ಯಾಯಗಳು, 113 ಮತ್ತು 114, ಬೇಡೋದೂ ಇದನ್ನೇ. ಚೀಟಿಯಲ್ಲಿ ಹೆಚ್ಚಾಗಿ ಇಂಥ ಆಯತ್‌ಗಳು, ಇಲ್ಲವೇ ಅಂಕಿ ತುಂಬಿದ ಚೌಕ. 10-11ನೇ ಶತಮಾನದ ಈಜಿಪ್ಟಿನಲ್ಲಂತೂ ಇಂಥ ಚೀಟಿಗಳನ್ನ ಅಚ್ಚು ಹಾಕಿ ಮಾಡ್ತಿದ್ರು.

ಮಗಳು ಹುಟ್ಟಿದಾಗ ಇದೇ ತಾವೀಜಿಗೆ ಮನೇಲಿ ವಾದ. ನಾನಿ, “ದೃಷ್ಟಿ ತಾಗುತ್ತೆ ಬೇಟಿ, ಕಟ್ಟು” ಅಂದ್ರು. ಮೈದುನ, “ಭಾಬಿ, ಇದು ಶಿರ್ಕ್” ಅಂದ. ದೇವರಿಗೆ ಇನ್ನೊಂದನ್ನು ಸಮ ಮಾಡೋದು ಅಂತ ಅವನ ಆಕ್ಷೇಪ. ಇಬ್ಬರಿಗೂ ಆಧಾರ ಇದೆ. ತಾಯತ ಕಟ್ಟೋದನ್ನ ಖಂಡಿಸೋ ಹದೀಸ್ ಇದೆ. ಒಳಗೆ ಕುರಾನಿನ ವಚನ ಮಾತ್ರ ಇದ್ದರೆ ಅಡ್ಡಿಯಿಲ್ಲ ಅನ್ನೋ ವಿದ್ವಾಂಸರೂ ಇದ್ದಾರೆ. ಕಾಪಾಡೋದು ಯಾರು, ದೇವರಾ, ಬೆಳ್ಳಿಯಾ? ಜಗಳ ಇರೋದು ಅಲ್ಲೇ.

ಏಳನೇ ತಿಂಗಳಲ್ಲಿ ಮಗಳಿಗೆ ಉಬ್ಬಸ ಬಂತು. ಮಧ್ಯರಾತ್ರಿ ಎದೆ ಗೂಡು ಒಳಗೆ ಹೋಗ್ತಿತ್ತು. ವಾದ ಮಾಡೋಕೆ ಯಾರಿಗೂ ಪುರುಸೊತ್ತಿರಲಿಲ್ಲ. ಮೈದುನ ಕಾರು ತೆಗೆದ. ನಾನಿ ಒಂದೇ ಮಾತು ಅಂದ್ರು: “ಮೊದ್ಲು ಆಸ್ಪತ್ರೆ. ನಾನು ದಾರಿಯುದ್ದಕ್ಕೂ ಓದ್ತಾ ಬರ್ತೀನಿ.” ನೆಬ್ಯುಲೈಸರ್ ಹಾಕಿದಾಗಲೂ ಪಕ್ಕದಲ್ಲಿ ಅವರ ತುಟಿ ಆಡ್ತಾನೇ ಇತ್ತು.

ಕೊರಳಿಗೆ ದಾರ ಬೇಡ, ಮಲಗಿದಾಗ ಬಿಗಿದುಕೊಂಡ್ರೆ ಅಪಾಯ ಅಂದ್ರು ಡಾಕ್ಟರ್. ತಾವೀಜ್ ಈಗ ನಾನಿಯ ಡಬ್ಬಿಯಲ್ಲಿದೆ. ಚೀಟಿಯಲ್ಲಿದ್ದ ಎರಡು ಅಧ್ಯಾಯಗಳನ್ನ ರಾತ್ರಿ ಮಲಗಿಸುವಾಗ ಓದಿ ಊದ್ತಾರೆ. ಮೈದುನನೂ “ಆಮೀನ್” ಅಂತಾನೆ.

ನಿಮ್ಮನೇಲೂ ಅಜ್ಜಿಯ ತಾಯತ ಇದ್ಯಾ? ನಕ್ಕು ಬಿಚ್ಚಿಡೋ ಮುಂಚೆ, ಒಳಗೇನು ಬರೆದಿದೆ ಅಂತ ಅವರನ್ನೇ ಕೇಳಿ.