'ಅಲ್ಲಲ್ಲಿ ಮಳೆ' ಅಂದ್ರ ನಿಮ್ಮ ಹೊಲದಾಗ ಮಳಿ ಅಂತ ಅಲ್ಲ: ಹಸಿ ಸೋಯಾ ಕೊಯ್ಯಬ್ಯಾಡ್ರಿ

ಇವತ್ತ ಸ್ವಲ್ಪ ಖಾರ ಬರೀತೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ.

ಹಸ್ತಿ ಮಳಿ ಮುಗಿಯಾಕ ಬಂತು, ಚಿತ್ತಿ ಶುರು ಆಗೂ ಹೊತ್ತು. ಕೆಲವರ ಸೋಯಾ ಎಲಿ ಉದುರಿಸಿ ಕೊಯ್ಲಿಗೆ ನಿಂತೈತಿ, ಕೆಲವರದು ಇನ್ನೂ ಅರ್ಧ ಹಸಿರೈತಿ. ಪ್ರತಿ ವರ್ಷ ಸರಿಯಾಗಿ ಇದೇ ಹೊತ್ತಿಗೆ ನಮ್ಮ ಮೊಬೈಲಿನಾಗ ಒಂದು ಮಳಿ ಶುರು ಆಕ್ಕೈತಿ, ಅದು ಫಾರ್ವರ್ಡ್ ಮಳಿ. "ಮುಂದಿನ ಐದು ದಿನ ಉತ್ತರ ಕರ್ನಾಟಕದಲ್ಲಿ ಭಾರೀ ಮಳೆ, ರೈತರೇ ಎಚ್ಚರ!" ಹಿಂದ ಗುಡುಗಿನ ಸದ್ದು, ಮುಂದ ದೊಡ್ಡ ಕೆಂಪು ಬಾಣ. ಯಾರು ಹೇಳಿದ್ರು, ಯಾವ ತಾರೀಖಿಗೆ ಹೇಳಿದ್ರು, ಯಾವ ಜಿಲ್ಲೆಗೆ ಹೇಳಿದ್ರು, ಏನೂ ಇರೂದಿಲ್ಲ. ಮರುದಿನ ಮುಂಜಾನೆ ಊರೆಲ್ಲಾ ಮಷೀನ್ ಹುಡುಕತೈತಿ. ಬಾಡಿಗಿ ಏರ್ತೈತಿ, ಆಳಿನ ಕೂಲಿ ಏರ್ತೈತಿ, ಹಸಿ ಕಾಯಿ ಕೊಯ್ಲಿಗೆ ಬೀಳ್ತಾವು. ಎಲ್ಲಾರ ಮಾಲು ಒಂದೇ ವಾರ ಪ್ಯಾಟಿಗೆ ಹೋಗಿ ಕುಂದರ್ತೈತಿ. ಆಮ್ಯಾಲೆ ಮಳಿನೂ ಬರೂದಿಲ್ಲ, ರೇಟೂ ಬರೂದಿಲ್ಲ.

ನಾನು ಹೇಳೂದು ಇಷ್ಟ. ಮುನ್ಸೂಚನೆ ಸುಳ್ಳಲ್ಲ. ಅದನ್ನ ಕತ್ತರಿಸಿ, ಖಾರ ಹಚ್ಚಿ ನಮಗ ಮಾರೂದು ಮೋಸ. ಆ ಮೋಸಕ್ಕ ಸಿಗಬಾರದು ಅಂದ್ರ ನಾವ ಮೂಲ ಮಾತನ್ನ ಓದಾಕ ಕಲೀಬೇಕು.

ಮೊದಲು ಜಾಗದ ಮಾತು. ಹವಾಮಾನ ಇಲಾಖೆ ಲೆಕ್ಕದಾಗ ನಾವು 'ಉತ್ತರ ಒಳನಾಡು'. ಬೀದರ, ಕಲಬುರಗಿ, ರಾಯಚೂರ, ವಿಜಯಪುರ, ಬೆಳಗಾವಿ, ಧಾರವಾಡ ಎಲ್ಲಾ ಅದೇ ಹೆಸರಿನಾಗ ಬರ್ತಾವು. ಬೀದರಕ್ಕ ಬಿದ್ದ ಮಳಿಗೆ ಗರಗದಾಗ ಸೋಯಾ ಕೊಯ್ಯೂದು ಯಾವ ಲೆಕ್ಕ? ಬೀದರ ಇರಲಿ, ನಮ್ಮ ಜಿಲ್ಲೆನ ತಗೋರಿ. ಪಡುವಣಕ್ಕ ಅಳ್ನಾವರ, ಕಲಘಟಗಿ ಮಲೆನಾಡಿನ ಸೆರಗು. ಮೂಡಣಕ್ಕ ನವಲಗುಂದ, ಅಣ್ಣಿಗೇರಿ ಬಯಲು ಎರಿ. ಎರಡಕ್ಕೂ ಒಂದೇ ಮಳಿ ಎಂದೂ ಬಿದ್ದಿಲ್ಲ.

ಎರಡನೇದು ಶಬ್ದದ ಅಳತಿ. ಇಲಾಖೆಯ ಒಂದೊಂದು ಶಬ್ದಕ್ಕೂ ಲೆಕ್ಕ ಐತಿ. 'ಅಲ್ಲಲ್ಲಿ' ಅಂದ್ರ ಆ ಭಾಗದ ಮಳೆಮಾಪನ ಕೇಂದ್ರಗಳಲ್ಲಿ ಶೇ. 25ರ ಒಳಗ ಮಳಿ. 'ಕೆಲವು ಕಡೆ' ಅಂದ್ರ ಶೇ. 26ರಿಂದ 50. 'ಹಲವು ಕಡೆ' ಅಂದ್ರ ಶೇ. 51ರಿಂದ 75. 'ಬಹುತೇಕ ಕಡೆ' ಅಂದ್ರ ಅದಕ್ಕೂ ಮ್ಯಾಲೆ. 'ಭಾರೀ' ಅನ್ನಾಕ 24 ತಾಸಿನಾಗ 64.5 ಮಿ.ಮೀ. ದಾಟಬೇಕು. ನಾವು ಜೋರು ಮಳಿ ಅನ್ನೋದು ಎಷ್ಟೋ ಸಲ ಅವರ ಪಟ್ಟಿಯಾಗ 'ಸಾಧಾರಣ'. ಬಣ್ಣಕ್ಕೂ ಅರ್ಥ ಐತಿ. ಹಳದಿ ಅಂದ್ರ ಗಮನ ಇಡ್ರಿ, ಕಿತ್ತಳೆ ಅಂದ್ರ ತಯಾರಿರ್ರಿ, ಕೆಂಪು ಅಂದ್ರ ಈಗ ಕೆಲಸಕ್ಕ ಇಳೀರಿ. "ಅಲ್ಲಲ್ಲಿ ಮಳೆ, ಹಳದಿ" ಅಂದಿದ್ದನ್ನ "ಉತ್ತರ ಕರ್ನಾಟಕಕ್ಕೆ ಜಲಪ್ರಳಯ" ಅಂತ ಮಾಡೂ ಮಂದಿಗೆ ಏನನ್ನಬೇಕು, ನೀವ ಹೇಳ್ರಿ.

"ಇಲಾಖೆ ಹೇಳಿದ್ದು ಎಂದ ಖರೆ ಆಗೇತಿ?" ಅಂತ ಕಟ್ಟಿ ಮ್ಯಾಲೆ ಕುಂತ ಕಾಕಾಗೋಳು ಕೇಳ್ತಾರ. ಅವರಿಗೂ ಉತ್ತರ ಐತಿ. ಈ ದಿನಗಳಲ್ಲಿ ನಮ್ಮ ಕಡೆ ಎರಡು ಥರದ ಮಳಿ ಬರ್ತಾವು. ಒಂದು, ಹಗಲೆಲ್ಲಾ ಕಾದು ಸಂಜಿಗೆ ಕಟ್ಟಿಕೊಂಡು ಬರೂ ಗುಡುಗಿನ ಮಳಿ. ಒಂದು ಮೋಡ, ನಾಲ್ಕು ಊರು, ಒಂದು ತಾಸು, ಮುಗೀತು. ಅದು ಯಾವ ಊರಿನ ಮ್ಯಾಲೆ ಬೀಳ್ತೈತಿ ಅಂತ ಮೂರು ದಿನ ಮೊದಲ ಹೇಳೂ ಶಕ್ತಿ ಜಗತ್ತಿನಾಗ ಯಾರಿಗೂ ಇಲ್ಲ. ಎರಡು-ಮೂರು ತಾಸು ಮೊದಲ ಹೇಳಬಹುದು, ಅಷ್ಟ. "ಚಿತ್ತಿ ಮಳಿ ಚಿತ್ತ ಬಂದಲ್ಲಿ" ಅಂತ ಹಿರಿಯರು ಅಂದಿದ್ದೂ ಇದನ್ನ. ಇಲಾಖೆಯ 'ಅಲ್ಲಲ್ಲಿ'ಗೂ ಹಿರಿಯರ 'ಚಿತ್ತ ಬಂದಲ್ಲಿ'ಗೂ ಜಗಳಿಲ್ಲ.

ಎರಡನೇದು ಸಮುದ್ರದಿಂದ ಬರೂ ಮಳಿ, ಬಂಗಾಳ ಕೊಲ್ಲಿ ಇಲ್ಲಾ ಅರಬ್ಬಿ ಸಮುದ್ರದ ವಾಯುಭಾರ ಕುಸಿತದ್ದು. 2020ರ ಅಕ್ಟೋಬರ್ 13ಕ್ಕ ಆಂಧ್ರದ ಕಾಕಿನಾಡ ಹತ್ರ ದಂಡಿಗೆ ಬಂದ ವಾಯುಭಾರ ಕುಸಿತ ತೆಲಂಗಾಣ ದಾಟಿ ನಮ್ಮ ಉತ್ತರ ಕರ್ನಾಟಕಕ್ಕ ಬಂತು. ಕಲಬುರಗಿ ಕಡೆ ಭೀಮಾ ದಂಡಿ ಊರುಗಳು ಮುಳುಗಿದ್ದು ನೆನಪೈತಿ ಅಲ್ಲ? ಇಂಥಾದ್ದು ಉಪಗ್ರಹದಾಗ ದಿನಗಟ್ಟಲೆ ಮೊದಲ ಕಾಣ್ತೈತಿ. ಅದಕ್ಕ ಅಂಜಬೇಕು, ಕೆಲಸ ನಿಲ್ಲಿಸಬೇಕು. ಹಂಗಾಗಿ ಮುನ್ಸೂಚನೆ ನೋಡಿದ ಕೂಡಲೇ ಕೇಳಬೇಕಾದ ಮೊದಲ ಪ್ರಶ್ನೆ: ಇದು ಸಂಜಿ ಗುಡುಗಿಂದೋ, ಸಮುದ್ರದ್ದೋ? ರೀಲ್ಸ್ ಮಾಡೂ ಯಾರಾದ್ರೂ ಇದನ್ನ ಹೇಳ್ತಾರೇನು?

ಈಗ ರೊಕ್ಕದ ಮಾತು. ಖರೀದಿ ಕೇಂದ್ರದಾಗ ಸೋಯಾ ತೇವಾಂಶದ ಮಿತಿ ಶೇ. 12. 2025-26ರ ಬೆಂಬಲ ಬೆಲೆ ಕ್ವಿಂಟಲಿಗೆ 5,328 ರೂಪಾಯಿ. ಗಾಬರಿಬಿದ್ದು ಕೊಯ್ದ ಶೇ. 18ರ ಹಸಿ ಮಾಲು ತಗೊಂಡು ಹೋದ್ರ ಕೇಂದ್ರದ ಬಾಗಲಾಗ ವಾಪಸ್. ಆಗ ವ್ಯಾಪಾರಿ ಹೇಳಿದ್ದ ರೇಟು. ಲೆಕ್ಕ ಹಾಕ್ರಿ: ಶೇ. 18 ತೇವ ಇರೂ 10 ಕ್ವಿಂಟಲ್ ಸೋಯಾ ಒಣಗಿಸಿ ಶೇ. 12ಕ್ಕ ತಂದ್ರ ಸುಮಾರು 9 ಕ್ವಿಂಟಲ್ 32 ಕೆ.ಜಿ. ಉಳೀತೈತಿ. ಅಂದ್ರ ನ್ಯಾಯವಾದ ಕಡತ ನೂರಕ್ಕ ಏಳು. ಒಣಗಿಸೂ ಖರ್ಚು ಸ್ವಲ್ಪ ಸೇರಿಸ್ರಿ, ಬ್ಯಾಡ ಅನ್ನೂದಿಲ್ಲ. ಅದಕ್ಕೂ ಭಾಳ ಮ್ಯಾಲೆ ಮುರದ್ರ ಅದು ತೇವಾಂಶದ ಕಡತ ಅಲ್ಲ, ನಮ್ಮ ಅಂಜಿಕಿಯ ಕಡತ.

ಇನ್ನೊಂದು. ನಿಂತ ಮಾಗಿದ ಬೆಳಿ ಒಂದು ಸಂಜಿ ಮಳಿ ತಡಕೋತೈತಿ, ಮರುದಿನದ ಬಿಸಲಿಗೆ ಒಣಗತೈತಿ. ಕೊಯ್ದು ನೆಲಕ್ಕ ಹರವಿದ್ದು ಅದೇ ಮಳಿಗೆ ಕೆಳಗಿಂದನೂ ನೀರು ಹೀರಿ ಕಪ್ಪಾಕ್ಕೈತಿ, ಮೊಳಕಿ ಒಡೀತೈತಿ. ಮಳಿಗೆ ಅಂಜಿ ಕೊಯ್ದು ಹಾಕೂದು ಅಂದ್ರ ಮಳಿಗೆ ಹಾಸಿಗಿ ಹಾಸಿ ಕೊಟ್ಟಂಗ. ಹಂಗಂತ ಮಾಗಿದ್ದನ್ನ ವಾರಗಟ್ಟಲೆ ಬಿಡಬ್ಯಾಡ್ರಿ, ಕಾಯಿ ಸಿಡೀತಾವು. ಮಾಗಿದ್ದು, ಎಲಿ ಉದುರಿದ್ದು, ಎರಡು ದಿನ ಬಿಸಲು ಕಾಣ್ತೈತಿ ಅಂದ್ರ ಕೊಯ್ದು ಅವತ್ತ ಗೂಡು ಹಾಕ್ರಿ, ತಾಡಪತ್ರಿ ಹೊಚ್ಚರಿ. ಹಸಿರು ಇದ್ದದ್ದನ್ನ ಯಾವ ವಿಡಿಯೋ ಬಂದ್ರೂ ಮುಟ್ಟಬ್ಯಾಡ್ರಿ.

ಹಿಂಗಾರಿಗೂ ಇದೇ ಮಾತು. "ಇನ್ನ ಮಳಿ ಇಲ್ಲ" ಅನ್ನೂ ಫಾರ್ವರ್ಡ್ ನೋಡಿ ಹಸಿ ಎರಿಯಾಗ ಕೂರಿಗಿ ಹೂಡಿದ್ರ ಕಡ್ಲಿ ಬೀಜ ಕೊಳೀತೈತಿ. ಹದ ನೋಡೂದು ಕೈಯಾಗಿನ ಮಣ್ಣಿನಾಗ, ಮೊಬೈಲಿನಾಗ ಅಲ್ಲ.

ಸರ್ಕಾರಕ್ಕೂ ಒಂದು ಮಾತು. 2024ರ ಅಕ್ಟೋಬರ್ 24ಕ್ಕ ಗ್ರಾಮ ಪಂಚಾಯ್ತಿ ಮಟ್ಟದ ಮುನ್ಸೂಚನೆ ಅಂತ ದಿಲ್ಲಿಯಾಗ ಚಾಲೂ ಮಾಡಿದ್ರು. 2025ರ ಮೇದಾಗ 6 ಕಿ.ಮೀ. ಚೌಕದ ಹೊಸ ಮಾದರಿ ಬಂತು. ರಾಜ್ಯದ ವಿಪತ್ತು ಉಸ್ತುವಾರಿ ಕೇಂದ್ರ ಪಂಚಾಯ್ತಿಗೊಂದು ಮಳೆಮಾಪಕ ಇಟ್ಟೈತಿ. ಭಾಳ ಚಲೋ. ಆದ್ರ ಈ ಮಾಹಿತಿ ಆ್ಯಪ್‌ನಾಗ ಕುಂತ್ರ ರೈತನ ಕಟ್ಟಿಗೆ ಬರೂದು ಯಾವಾಗ? ದಿನಾ ಮುಂಜಾನೆ ಪ್ರತಿ ಪಂಚಾಯ್ತಿ ಬೋರ್ಡಿನ ಮ್ಯಾಲೆ ಸೀಮೆಸುಣ್ಣದಾಗ ಎರಡು ಸಾಲು ಬರೀಲಿ: ನಿನ್ನೆ ಎಷ್ಟು ಮಿ.ಮೀ. ಬಿತ್ತು, ಮುಂದ ಐದು ದಿನ ಏನು. ಇದಕ್ಕ ಟೆಂಡರ್ ಬೇಕಾ? ಖರೆ ಮಾಹಿತಿ ಊರಿಗೆ ಬರದಿದ್ದಕ್ಕ ಸುಳ್ಳು ಮಾಹಿತಿ ಓಡಾಡತೈತಿ.

ಅಲ್ಲೀತನಕ ನಾವ ಮಾಡೂದು: ಮಂಗಳವಾರ ಮತ್ತು ಶುಕ್ರವಾರ ನಮ್ಮ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಹವಾಮಾನ ಸಲಹೆ ಬರ್ತೈತಿ, 'ಮೇಘದೂತ'ದಾಗೂ ಸಿಗತೈತಿ, ಅದನ್ನ ಓದ್ರಿ. ಸಂಜಿ ಸಿಡಿಲಿಗೆ 'ದಾಮಿನಿ' ನೋಡ್ರಿ, ಮೋಡ ಕಟ್ಟಿದಾಗ ಗಿಡದ ಕೆಳಗ ನಿಲ್ಲಬ್ಯಾಡ್ರಿ. ವಿಮೆ ಕಟ್ಟಿದವರು ನೆನಪಿಡ್ರಿ: ಕೊಯ್ದು ಹೊಲದಾಗ ಒಣಗಾಕ ಹಾಕಿದ ಬೆಳಿಗೆ 14 ದಿನದ ತನಕ ಅಕಾಲಿಕ ಮಳಿಯ ರಕ್ಷಣೆ ಐತಿ, ಆದ್ರ 72 ತಾಸಿನೊಳಗ ತಿಳಿಸಬೇಕು, ನಂಬರ್ 14447. ಫೋಟೋ ತಕ್ಕೊಂಡು ಇಟ್ಕೋರಿ.

ಮತ್ತ ತಾರೀಖಿಲ್ಲದ, ಹೆಸರಿಲ್ಲದ ಮಳಿ ವಿಡಿಯೋ ಬಂದ್ರ ಮುಂದ ಕಳಸಬ್ಯಾಡ್ರಿ. ನಿಮ್ಮ ಒಂದು ಫಾರ್ವರ್ಡಿಗೆ ಪಕ್ಕದ ಹೊಲದವನ ಹಸಿ ಸೋಯಾ ನೆಲಕ್ಕ ಬೀಳ್ತೈತಿ. ಅದರ ಬದಲಿಗೆ ನಿಮ್ಮೂರಾಗ ನಿನ್ನೆ ಸಂಜಿ ಮಳಿ ಬಿತ್ತೋ ಇಲ್ಲೋ, ಬಿದ್ರ ಎಷ್ಟು ಹೊತ್ತು, ಅದನ್ನ ಇಲ್ಲಿ ಬರೀರಿ. ಅಕ್ಕಪಕ್ಕದ ಹತ್ತು ಊರಿನ ಖರೆ ಸುದ್ದಿ ಒಂದು ಕಡೆ ಸೇರಿದ್ರ ಯಾವ ಕೆಂಪು ಬಾಣಕ್ಕೂ ಅಂಜೂದು ಬ್ಯಾಡ.